ಮಂಗನ ಕಾಯಿಲೆಯ ಖರ್ಚು ಯಾರ ಲೆಕ್ಕಕ್ಕೆ?

ಪುಣೆಯ ಸಂಶೋಧನೆಯೂ ಮಲೆನಾಡಿನ ಕೂಲಿಕಾರನೂ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಇಲ್ಲಿಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಹೆಸರು ಅಪರಿಚಿತವಲ್ಲ. ೨೦೨೦ರಲ್ಲಿ ಕೋವಿಡ್ ಮಹಾಮಾರಿಯು ದೇಶವನ್ನು ಆವರಿಸತೊಡಗಿದಾಗ, ಮೊದಲ ದಿನಗಳಲ್ಲಿ ರೋಗಿಗಳ ಗಂಟಲಿನ ದ್ರವವು ಪರೀಕ್ಷೆಗಾಗಿ ಈ ಸಂಸ್ಥೆಗೇ ಬರುತ್ತಿತ್ತೆಂಬುದನ್ನು ವಾಚಕರು ಮರೆತಿರಲಾರರು. ಆದರೆ ಈ ಸಂಸ್ಥೆಗೂ ಕನ್ನಡ ನಾಡಿಗೂ ಇರುವ ಸಂಬಂಧವು ಅದಕ್ಕಿಂತ ಬಹಳ ಹಿಂದಿನದು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರೆಂಬ ಕಾಡಿನ ಹೆಸರು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೇರಿದ್ದು ಈ ಪುಣೆಯ ಪ್ರಯೋಗಾಲಯದ ಮೂಲಕವೇ. ನಮ್ಮ ಜನ ‘ಮಂಗನ ಕಾಯಿಲೆ’ ಎಂದು ಕರೆಯುವ ಜ್ವರವನ್ನು ವಿದ್ವಾಂಸರು ‘ಕ್ಯಾಸನೂರು ಕಾಡಿನ ರೋಗ’ವೆಂದು ಕರೆಯುತ್ತಾರೆ.

ರೋಗದ ಕಾರಣವನ್ನು ಕಂಡುಹಿಡಿದು ಅರವತ್ತೈದು ವರ್ಷಗಳಿಗೂ ಮೇಲಾಯಿತು. ಇಷ್ಟಾದರೂ ಬೇಸಗೆ ಬಂತೆಂದರೆ ಸಾಗರ, ಸೊರಬ, ತೀರ್ಥಹಳ್ಳಿ, ಸಿದ್ಧಾಪುರಗಳ ಹಳ್ಳಿಗಳಲ್ಲಿ ಭಯವು ತಪ್ಪಲಿಲ್ಲ. ವಿಜ್ಞಾನವು ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದ ಮೇಲೂ ರೋಗವು ಉಳಿದಿದೆಯೆಂದರೆ, ಕೊರತೆ ಎಲ್ಲಿದೆಯೆಂಬುದು ವಿಚಾರಣೀಯ. ರೋಗಾಣುವಿನ ಲೆಕ್ಕವನ್ನು ಹಿಡಿದಷ್ಟು ಜಾಗರೂಕತೆಯಿಂದ ರೋಗಿಯ ಮನೆಯ ಜಮಾಖರ್ಚನ್ನು ಯಾರೂ ಹಿಡಿಯಲಿಲ್ಲವೆಂಬುದೇ ಆ ಕೊರತೆಯೆಂದು ನಮ್ಮ ಅಭಿಪ್ರಾಯ.

ಸತ್ತ ಮಂಗಗಳು ಹೇಳಿದ ಸುದ್ದಿ

೧೯೫೨ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಅಮೆರಿಕೆಯ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ಪುಣೆಯಲ್ಲಿ ವೈರಾಣು ಸಂಶೋಧನ ಕೇಂದ್ರವನ್ನು ಸ್ಥಾಪಿಸಿದವು. ಐದೇ ವರ್ಷಗಳಲ್ಲಿ ಅದಕ್ಕೊಂದು ಕಠಿಣ ಪರೀಕ್ಷೆ ಒದಗಿತು. ೧೯೫೭ರ ಬೇಸಗೆಯ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಕಾಡುಗಳಲ್ಲಿ ಮುಸುವಗಳೂ ಮಂಗಗಳೂ ಸತ್ತು ಬೀಳುತ್ತಿವೆಯೆಂದೂ, ಕಾಡಂಚಿನ ಹಳ್ಳಿಗಳ ಜನರು ತೀವ್ರ ಜ್ವರದಿಂದ ಮಲಗುತ್ತಿದ್ದಾರೆಂದೂ ವಾರ್ತೆ ಬಂದಿತು. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರವು ಭಾರತವನ್ನು ಪ್ರವೇಶಿಸಿತೇ ಎಂಬ ಆತಂಕವೂ ಹುಟ್ಟಿತು. ಏಕೆಂದರೆ ಅಲ್ಲಿ ಆ ಜ್ವರವು ಮಂಗಗಳನ್ನು ಕೊಲ್ಲುವುದುಂಟು.

ಕೇಂದ್ರದ ಅಂದಿನ ನಿರ್ದೇಶಕ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರೂ ಅವರ ಭಾರತೀಯ ಸಹೋದ್ಯೋಗಿಗಳೂ ಕಾಡಿಗೆ ಧಾವಿಸಿದರು. ಸತ್ತ ಮುಸುವದ ಶರೀರದಿಂದ ವೈರಾಣುವನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ ಅಣುವಾಗಿರಲಿಲ್ಲ. ಉಣುಗಿನ ಕಡಿತದಿಂದ ಹರಡುವ, ರಷ್ಯದ ಒಂದು ಮೆದುಳಿನ ಜ್ವರಕ್ಕೆ ಸಮೀಪದ ಬಂಧುವಾದ, ಅದುವರೆಗೆ ಯಾರೂ ಕಾಣದ ಅಣುವಾಗಿತ್ತು. ಜಾನುವಾರುಗಳ ಮೈಗೆ ಹತ್ತುವ ಕಾಡಿನ ಉಣುಗೇ ಇದರ ವಾಹಕವೆಂಬುದು ಸಿದ್ಧವಾಯಿತು. ಅದರ ಎಳೆಯ ಮರಿಗಳು ಎಳ್ಳಿನ ಕಾಳಿಗಿಂತಲೂ ಸಣ್ಣವು; ಮಳೆ ನಿಂತು ಎಲೆ ಉದುರುವ ಕಾಲದಿಂದ ಮುಂಗಾರಿನವರೆಗೆ ಅವು ತರಗೆಲೆಗಳ ನಡುವೆ ಹೇರಳವಾಗಿರುತ್ತವೆ. ರೋಗವು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಕಾಡಿನ ನೆಲಕ್ಕೆ ಕೈಹಾಕುವವನಿಗೇ ಅದು ಮುಖ್ಯವಾಗಿ ಮೀಸಲು.

ಯಾರಿಗೆ ಬರುತ್ತದೆ?

ಕಾಡಿನ ನೆಲಕ್ಕೆ ಕೈಹಾಕುವವರು ಯಾರು? ಕೊಟ್ಟಿಗೆಗೂ ಗೊಬ್ಬರಕ್ಕೂ ತರಗೆಲೆ ಗುಡಿಸುವ ಹೆಂಗಸು, ಸೌದೆ ಹೊರುವವಳು, ದನ ಕಾಯುವ ಹುಡುಗ, ಕಾಡು ಉತ್ಪತ್ತಿಗಳನ್ನು ಆಯುವವನು, ಅರಣ್ಯ ಇಲಾಖೆಯ ಕಾವಲುಗಾರ. ಸೊಪ್ಪಿನ ಬೆಟ್ಟಗಳ ಆಧಾರದಿಂದ ತಲೆತಲಾಂತರವಾಗಿ ತೋಟ ಮಾಡಿಕೊಂಡು ಬಂದಿರುವ ಸೀಮೆಯಲ್ಲಿ ಕಾಡಿಗೆ ಹೋಗಬೇಡವೆಂದು ಹೇಳುವುದು ಮೀನುಗಾರನಿಗೆ ನೀರಿಗಿಳಿಯಬೇಡವೆಂದು ಹೇಳಿದಂತೆ. ಅಲ್ಲದೆ ಈ ರೋಗದ ಕಾಲವೂ ಅಡಕೆ ಕೊಯ್ಲಿನ ಕಾಲವೂ ಬಹುಪಾಲು ಒಂದೇ. ವರ್ಷದಲ್ಲಿ ಹೆಚ್ಚು ಕೂಲಿ ಹುಟ್ಟುವ ತಿಂಗಳುಗಳಲ್ಲಿಯೇ ಕೂಲಿಕಾರನು ಹಾಸಿಗೆ ಹಿಡಿಯುತ್ತಾನೆ.

ಇದು ಕಾಡಿನ ಶಾಪವೆಂದು ಕೈಚೆಲ್ಲುವಂತೆಯೂ ಇಲ್ಲ. ಪುಣೆಯ ಕೇಂದ್ರದ ಪರವಾಗಿ ಇಲ್ಲಿ ಕೆಲಸ ಮಾಡಿದ ಜಾರ್ಜ್ ಬೊಷೆಲ್ ಎಂಬ ವಿಜ್ಞಾನಿಯು ೧೯೬೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮಹತ್ತ್ವದ ಒಂದು ವಿಚಾರವನ್ನು ಮಂಡಿಸಿದರು. ಜನಸಂಖ್ಯೆ ಬೆಳೆದು ಕಾಡು ಕಡಿದು ಗದ್ದೆಗಳಾದಂತೆ ದನಗಳು ಕಾಡಿನೊಳಗೆ ಹೆಚ್ಚು ಹೆಚ್ಚಾಗಿ ಮೇಯತೊಡಗಿದವು. ದನದ ರಕ್ತದಿಂದ ಉಣುಗಿನ ಸಂತಾನ ಹಲವು ಪಟ್ಟು ಬೆಳೆಯಿತು. ಕಾಡಿನ ಮೂಲೆಯಲ್ಲಿ ಸುಪ್ತವಾಗಿದ್ದ ಅಣು ಊರಿನಂಚಿಗೆ ಬಂದಿತು.

ಈ ಮಾತಿಗೆ ನಿದರ್ಶನವನ್ನು ದಕ್ಷಿಣ ಕನ್ನಡದಲ್ಲಿ ಕಾಣಬಹುದು. ೧೯೮೨-೮೩ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರು ತೋಟಕ್ಕಾಗಿ ಕಾಡನ್ನು ಬೋಳಿಸಲಾಯಿತು. ಅದರ ಬೆನ್ನಿಗೇ ಎದ್ದ ಮಂಗನ ಕಾಯಿಲೆಯಲ್ಲಿ ಸಾವಿರಕ್ಕೂ ಹೆಚ್ಚು ಜನರು ಮಲಗಿದರು. ನೂರಕ್ಕೂ ಹೆಚ್ಚು ಜನರು ಮಡಿದರು. ಆ ಬಳಿಕ ಅಲ್ಲಿಗೆ ಹೋಗಿ ಹಳ್ಳಿಗರ ಮಾತನ್ನು ಕೇಳಿ ಬರೆದ ಅಮೆರಿಕೆಯ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ೧೯೮೭ರಲ್ಲಿ ಇದನ್ನು ‘ಅಭಿವೃದ್ಧಿಯ ರೋಗ’ವೆಂದು ಕರೆದರು. ಕಾಡನ್ನು ಕಡಿದುದರಿಂದ ದೈವಗಳು ಮುನಿದುವೆಂದು ಊರವರು ಹೇಳುತ್ತಿದ್ದರಂತೆ. ವಿಜ್ಞಾನದ ಮಾತನ್ನು ತಮ್ಮ ಭಾಷೆಯಲ್ಲಿ ಅವರು ಹೇಳಿದರೆಂದು ನಾವು ತಿಳಿಯಬಹುದು. ಗೇರು ಬೀಜದ ಲಾಭವು ಒಂದು ಲೆಕ್ಕದ ಪುಸ್ತಕದಲ್ಲಿ ಜಮೆಯಾಯಿತು. ಜ್ವರದ ಖರ್ಚು ಬೇರೊಬ್ಬರ ಮನೆಯಲ್ಲಿ ಬಿದ್ದಿತು. ಆ ಎರಡು ಲೆಕ್ಕಗಳನ್ನು ಒಂದೇ ಪುಟದಲ್ಲಿಟ್ಟು ನೋಡುವುದೇ ಆರೋಗ್ಯದ ಅರ್ಥಶಾಸ್ತ್ರವು ಮಾಡಬೇಕಾದ ಕೆಲಸ.

ಉಚಿತ ಚುಚ್ಚುಮದ್ದಿನ ಬೆಲೆ

ಇನ್ನು ಲಸಿಕೆಯ ಕಥೆಗೆ ಬರೋಣ. ಮೊದಮೊದಲು ರಷ್ಯದ ಬಂಧುರೋಗಕ್ಕೆಂದು ಮಾಡಿದ ಲಸಿಕೆಯನ್ನೇ ಶಿವಮೊಗ್ಗದಲ್ಲಿ ಹಾಕಿ ನೋಡಿದರು. ಅದು ರಕ್ಷಣೆಯನ್ನು ಕೊಡಲಿಲ್ಲ. ಮುಂದೆ ಪುಣೆಯ ವಿಜ್ಞಾನಿಗಳು ಕೋಳಿಯ ಭ್ರೂಣದ ಜೀವಕೋಶಗಳಲ್ಲಿ ಅಣುವನ್ನು ಬೆಳೆಸಿ, ಫಾರ್ಮಲಿನ್ನಿನಿಂದ ನಿಷ್ಕ್ರಿಯಗೊಳಿಸಿ ಸ್ವಂತ ಲಸಿಕೆಯನ್ನು ಸಿದ್ಧಪಡಿಸಿದರು. ೧೯೯೦ರಿಂದ ಅದರ ವ್ಯಾಪಕ ಉಪಯೋಗ ಆರಂಭವಾಯಿತು. ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ನಡೆದ ಪರೀಕ್ಷೆಯ ವರದಿಯು ೧೯೯೪ರಲ್ಲಿ ಪ್ರಕಟವಾಯಿತು. ಅದರಂತೆ ಒಂದು ಸಲ ಹಾಕಿಸಿಕೊಂಡವರಲ್ಲಿ ಶೇಕಡಾ ೭೯ರಷ್ಟೂ, ಎರಡು ಸಲ ಹಾಕಿಸಿಕೊಂಡವರಲ್ಲಿ ಶೇಕಡಾ ೯೩ರಷ್ಟೂ ರಕ್ಷಣೆ ದೊರೆತಿತ್ತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಜೈವಿಕ ಸಂಸ್ಥೆಯಲ್ಲಿ ಅದರ ತಯಾರಿಕೆ ನಡೆಯಿತು.

ಅಷ್ಟಕ್ಕೇ ಕಾರ್ಯ ಮುಗಿದಿದ್ದರೆ ಈ ಲೇಖನದ ಅಗತ್ಯವೇ ಇರುತ್ತಿರಲಿಲ್ಲ. ೨೦೦೫ರಿಂದ ೨೦೧೦ರವರೆಗಿನ ಅಂಕಿಗಳನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಬೇರೆಯೇ ಚಿತ್ರವನ್ನು ಮುಂದಿಟ್ಟಿತು. ಎರಡು ಸಲ ಹಾಕಿಸಿಕೊಂಡವರಲ್ಲಿ ರಕ್ಷಣೆಯು ಶೇಕಡಾ ೬೨ಕ್ಕೆ ಇಳಿದಿತ್ತು. ಅದರ ಮೇಲೆ ಮತ್ತೊಂದು ಬಲವರ್ಧಕ ಚುಚ್ಚುಮದ್ದನ್ನೂ ಪಡೆದವರಲ್ಲಿ ಮಾತ್ರ ಅದು ಶೇಕಡಾ ೮೩ರ ಸಮೀಪವಿತ್ತು. ಇದಕ್ಕಿಂತ ಚಿಂತೆಯ ವಿಷಯವೆಂದರೆ ಲಸಿಕೆ ಹಾಕಿಸಿಕೊಂಡವರ ಪ್ರಮಾಣವೇ ಕಡಿಮೆಯಾಗಿದ್ದುದು. ಕೊನೆಗೆ ೨೦೨೨ರಲ್ಲಿ ಲಸಿಕೆಯ ಗುಣಮಟ್ಟದ ಬಗೆಗೇ ಪ್ರಶ್ನೆಗಳೆದ್ದು ಕರ್ನಾಟಕ ಸರಕಾರವು ಅದರ ಬಳಕೆಯನ್ನು ನಿಲ್ಲಿಸಿತು.

ಜನರು ಉಚಿತವಾಗಿ ದೊರೆಯುವ ರಕ್ಷಣೆಯನ್ನು ಏಕೆ ಬೇಡವೆಂದರು? ಅಜ್ಞಾನ, ಮೌಢ್ಯ ಎಂದು ಉತ್ತರಿಸುವುದು ಪಟ್ಟಣದವರಿಗೆ ಸುಲಭ. ಆದರೆ ಕೂಲಿಕಾರನ ಸ್ಥಾನದಲ್ಲಿ ನಿಂತು ಲೆಕ್ಕ ಹಾಕಿ ನೋಡೋಣ. ಒಂದು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳ ಬಳಿಕ ಮೂರನೆಯದು, ಆಮೇಲೆ ವರ್ಷಕ್ಕೊಂದು. ಚುಚ್ಚಿದ ಜಾಗವು ಬಹಳ ನೋಯುತ್ತಿತ್ತೆಂಬ ದೂರು ಸಾರ್ವತ್ರಿಕವಾಗಿತ್ತು. ಗಂಡಹೆಂಡಿರಿಬ್ಬರೂ ದುಡಿಯುವ ಒಂದು ಮನೆಯನ್ನು ಊಹಿಸಿಕೊಳ್ಳಿರಿ. ಚುಚ್ಚಿಸಿಕೊಳ್ಳುವುದಕ್ಕೆ ಅರ್ಧ ದಿನ, ತೋಳಿನ ನೋವಿಗೆ ಒಂದು ದಿನ ಹೋಯಿತೆಂದರೂ, ಮೊದಲ ಮೂರು ಸಲಕ್ಕೆ ಇಬ್ಬರದೂ ಸೇರಿ ಒಂಬತ್ತು ದಿನಗಳ ಕೂಲಿ ಹೋಯಿತು. ಇದು ಸರಕಾರದ ಕಡತದಲ್ಲಿ ಸೊನ್ನೆ. ಮನೆಯ ಲೆಕ್ಕದಲ್ಲಿ ಒಂದು ವಾರಕ್ಕೂ ಮಿಗಿಲಾದ ಸಂಪಾದನೆ. ಬಂದೀತೋ ಬಾರದೋ ಎಂಬ ಜ್ವರಕ್ಕಾಗಿ ಇಂದೇ ಕಣ್ಣೆದುರಿನ ಅನ್ನವನ್ನು ಬಿಡೆಂದರೆ, ಸಂಗ್ರಹವಿಲ್ಲದವನು ಹೇಗೆ ಬಿಟ್ಟಾನು? ಅವನು ಲೆಕ್ಕ ತಪ್ಪಲಿಲ್ಲ. ಅವನ ಖರ್ಚನ್ನು ಉಳಿದವರು ಎಣಿಸಲಿಲ್ಲ.

ಕಾಯಿಲೆ ಬಂದ ಮೇಲಿನ ವೆಚ್ಚವಂತೂ ಇನ್ನೂ ದೊಡ್ಡದು. ಈ ಅಣುವನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ, ಆರೈಕೆಯೊಂದೇ ಚಿಕಿತ್ಸೆ. ನೂರರಲ್ಲಿ ಮೂರರಿಂದ ಐದು ರೋಗಿಗಳು ಸಾಯುತ್ತಾರೆ. ಕೆಲವರಿಗೆ ಒಮ್ಮೆ ಇಳಿದ ಜ್ವರವು ಮರಳಿ ಬಂದು ಮೆದುಳನ್ನು ಬಾಧಿಸುತ್ತದೆ. ಬದುಕಿ ಉಳಿದವನಿಗೂ ಮೊದಲಿನ ಶಕ್ತಿ ಬರಲು ವಾರಗಳೋ ತಿಂಗಳುಗಳೋ ಬೇಕು. ರೋಗವು ಉಲ್ಬಣಿಸಿದರೆ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಬೇಕು. ಆಸ್ಪತ್ರೆಯ ಬಿಲ್ಲನ್ನು ಸರಕಾರವೇ ಕೊಟ್ಟರೂ ಜೊತೆಗೆ ಹೋದವನ ಊಟ, ಬಸ್ಸಿನ ದುಡ್ಡು, ಇಬ್ಬರ ಕೂಲಿ, ತಪ್ಪಿಹೋದ ಕೊಯ್ಲು ಮನೆಯವರ ತಲೆಯ ಮೇಲೆಯೇ. ಭಾರತದ ಆರೋಗ್ಯ ವೆಚ್ಚದಲ್ಲಿ ಜನರು ಸ್ವಂತ ಕಿಸೆಯಿಂದ ತೆರುವ ಪಾಲು ೨೦೧೩-೧೪ರಲ್ಲಿ ಶೇಕಡಾ ೬೪ ಇದ್ದದ್ದು ೨೦೨೧-೨೨ರಲ್ಲಿ ಶೇಕಡಾ ೩೯ಕ್ಕೆ ಇಳಿಯಿತೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರವು ತಿಳಿಸುತ್ತದೆ. ಸಂತೋಷದ ಸಂಗತಿಯೇ. ಆದರೆ ಆ ಲೆಕ್ಕಪತ್ರದಲ್ಲಿ ಕಳೆದುಹೋದ ಕೂಲಿಗೆ ಸ್ಥಾನವಿಲ್ಲವೆಂಬುದನ್ನು ಮರೆಯಬಾರದು.

ವಿಯೆನ್ನದ ಉಣುಗು, ಸಾಗರದ ಉಣುಗು

ಇಲ್ಲಿ ಒಂದು ಹೋಲಿಕೆಯು ಬೋಧಪ್ರದವಾಗಿದೆ. ಮಧ್ಯ ಯುರೋಪಿನಲ್ಲಿಯೂ ಇದೇ ಕುಲಕ್ಕೆ ಸೇರಿದ ಒಂದು ರೋಗವುಂಟು. ಅದೂ ಕಾಡಿನ ಉಣುಗಿನಿಂದಲೇ ಬಂದು ಮೆದುಳನ್ನು ಬಾಧಿಸುತ್ತದೆ. ಆಸ್ಟ್ರಿಯದ ಕ್ರಿಸ್ತಿಯಾನ್ ಕುನ್ಸ್ ಎಂಬ ವಿಜ್ಞಾನಿಯು ವಿಯೆನ್ನದ ಔಷಧ ಕಂಪನಿಯೊಡನೆ ಕೂಡಿ ೧೯೭೦ರ ದಶಕದಲ್ಲಿ ಅದಕ್ಕೆ ಲಸಿಕೆ ಮಾಡಿದರು. ಆರಂಭದ ಲಸಿಕೆಯಿಂದ ಮೈನೋವು, ಜ್ವರಗಳ ದೂರು ಬಂದಾಗ ಅದನ್ನು ಇನ್ನಷ್ಟು ಶುದ್ಧಗೊಳಿಸಿದರು. ೧೯೮೧ರಿಂದ ದೇಶವ್ಯಾಪಿ ಪ್ರಚಾರ ನಡೆಯಿತು. ಕ್ರಮೇಣ ಪ್ರತಿ ಐವರಲ್ಲಿ ನಾಲ್ವರಿಗಿಂತ ಹೆಚ್ಚು ಜನರು ಲಸಿಕೆ ಪಡೆದರು; ರೋಗಿಗಳ ಸಂಖ್ಯೆ ಬಹಳವಾಗಿ ಇಳಿಯಿತು.

ಅಲ್ಲಿಯ ಕಾಡಿಗೆ ಮರ ಕಡಿಯುವವನೂ ಹೋಗುತ್ತಾನೆ, ವಿಹಾರಕ್ಕೆಂದು ಹಣವಂತನೂ ಹೋಗುತ್ತಾನೆ. ಕೊಳ್ಳುವವರಿದ್ದುದರಿಂದ ಕಂಪನಿಗೆ ಉತ್ಸಾಹವಿತ್ತು. ದೂರು ಬಂದಾಗ ಲಸಿಕೆಯನ್ನು ತಿದ್ದುವ ಅವಶ್ಯಕತೆಯೂ ಇತ್ತು. ನಮ್ಮ ಕಾಡಿಗೆ ಹೋಗುವವನು ಕೊಳ್ಳುವ ಶಕ್ತಿಯಿಲ್ಲದವನು. ವರ್ಷಕ್ಕೆ ನಾಲ್ಕೈನೂರು ರೋಗಿಗಳೆಂಬ ರೂಢಿಯ ಅಂದಾಜನ್ನೇ ಹಿಡಿದರೂ, ಅಷ್ಟು ಚಿಕ್ಕ, ಅಷ್ಟು ಬಡ ಪೇಟೆಗಾಗಿ ಯಾವ ವ್ಯಾಪಾರಿಯೂ ಬಂಡವಾಳ ಹೂಡಲಾರನು. ಇಂಥಲ್ಲಿ ಸರಕಾರವೇ ಕೊಳ್ಳುವವನೂ ಆಗಬೇಕು, ದೂರು ಕೇಳುವವನೂ ಆಗಬೇಕು. ಲಸಿಕೆ ತಯಾರಿಸಿ ಹಂಚಿದಲ್ಲಿಗೆ ಕರ್ತವ್ಯ ಮುಗಿಯಿತೆಂದು ಭಾವಿಸಿದುದರ ಫಲವನ್ನು ೨೦೨೨ರಲ್ಲಿ ಕಂಡೆವು.

ಸಂಖ್ಯೆಯು ಚಿಕ್ಕದೆಂಬ ವಾದಕ್ಕೂ ಒಂದು ಮಾತು ಹೇಳಬೇಕು. ೧೯೯೩ರಲ್ಲಿ ವಿಶ್ವ ಬ್ಯಾಂಕಿನ ವರದಿಯೊಂದು ಅಕಾಲಮರಣದಿಂದಲೂ ರೋಗದಿಂದಲೂ ನಷ್ಟವಾಗುವ ಆಯುಸ್ಸಿನ ವರ್ಷಗಳನ್ನು ಕೂಡಿಸಿ ರೋಗಗಳನ್ನು ತೂಗುವ ಕ್ರಮವನ್ನು ಪ್ರಚಾರಕ್ಕೆ ತಂದಿತು. ಹಣವನ್ನು ಎಲ್ಲಿ ವಿನಿಯೋಗಿಸಬೇಕೆಂದು ನಿರ್ಧರಿಸಲು ಅದು ಉಪಯುಕ್ತವಾದ ತಕ್ಕಡಿ. ಆದರೆ ದೇಶದ ತಕ್ಕಡಿಯಲ್ಲಿ ಮಂಗನ ಕಾಯಿಲೆಯು ಸಾಸಿವೆಯಷ್ಟೂ ತೂಗದು. ಮೂವತ್ತು ಮನೆಗಳ ಒಂದು ಹಳ್ಳಿಯಲ್ಲಿ ಒಂದೇ ಬೇಸಗೆಗೆ ಐದಾರು ಹೆಣ ಎತ್ತಬೇಕಾದರೆ ಅದರ ಭಾರವೆಷ್ಟೆಂಬುದನ್ನು ಆ ತಕ್ಕಡಿಯು ತೋರಿಸಲಾರದು. ೨೦೧೮-೧೯ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತಮುತ್ತ ಸಾವಿನ ಮೇಲೆ ಸಾವು ಸಂಭವಿಸಿದಾಗ ಜನರು ಮನೆ ಬಿಟ್ಟು ನೆಂಟರ ಊರುಗಳಿಗೆ ಹೋಗುವಂತಾಯಿತು.

ಎರಡು ವಿದ್ಯೆಗಳು ಕೂಡಬೇಕು

ಪುಣೆಯು ವೈರಾಣು ವಿದ್ಯೆಗೆ ಮಾತ್ರ ಪ್ರಸಿದ್ಧವಾದ ನಗರವಲ್ಲ. ೧೯೩೦ರಲ್ಲಿ ಇಲ್ಲಿ ಸ್ಥಾಪಿತವಾದ ಗೋಖಲೆ ರಾಜಕೀಯ ಮತ್ತು ಅರ್ಥಶಾಸ್ತ್ರ ಸಂಸ್ಥೆಯು ಧನಂಜಯರಾವ್ ಗಾಡಗೀಳರ ನಿರ್ದೇಶನದಲ್ಲಿ ಮನೆಮನೆಗೆ ಹೋಗಿ ಸಂಸಾರದ ಆದಾಯ ವೆಚ್ಚಗಳನ್ನು ವಿಚಾರಿಸಿ ಬರೆಯುವ ಪದ್ಧತಿಯನ್ನು ದೇಶಕ್ಕೆ ಕಲಿಸಿದ ಸಂಸ್ಥೆಗಳಲ್ಲೊಂದು. ೧೯೭೧ರಲ್ಲಿ ದಾಂಡೇಕರ ಮತ್ತು ರಥ್ ಇವರು ಭಾರತದ ಬಡತನವನ್ನು ಅಳೆದು ಬರೆದ ಪ್ರಸಿದ್ಧ ಗ್ರಂಥವು ಈ ಪರಂಪರೆಯ ಫಲ. ಒಂದು ಸಂಸ್ಥೆಯು ಉಣುಗಿನ ಹೊಟ್ಟೆಯನ್ನು ಸೀಳಿ ನೋಡುವ ವಿದ್ಯೆಯನ್ನು ಬಲ್ಲದು. ಇನ್ನೊಂದು ಬಡವನ ಹೊಟ್ಟೆಯ ಲೆಕ್ಕವನ್ನು ಬಲ್ಲದು. ಒಂದೇ ಊರಿನ ಈ ಎರಡು ವಿದ್ಯೆಗಳು ಮಲೆನಾಡಿನ ಅಂಗಳದಲ್ಲಿ ಕೂಡಬೇಕೆಂಬುದು ನಮ್ಮ ಅಪೇಕ್ಷೆ.

ಈ ದಿಕ್ಕಿನಲ್ಲಿ ಶುಭಸೂಚನೆಗಳಿಲ್ಲದಿಲ್ಲ. ಕೆಲವು ವರ್ಷಗಳಿಂದ ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೂ ಪರಿಸರ ಸಂಶೋಧಕರೂ ಬ್ರಿಟನ್ನಿನ ವಿಜ್ಞಾನಿಗಳೊಡನೆ ಸೇರಿ, ಯಾವ ಹಳ್ಳಿಗೆ ಅಪಾಯ ಹೆಚ್ಚೆಂಬುದರ ನಕಾಶೆಗಳನ್ನು ರಚಿಸಿದ್ದಾರೆ. ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳು ಪರಸ್ಪರ ಮಾತನಾಡದಿದ್ದರೆ ಈ ರೋಗವನ್ನು ತಡೆಯಲಾಗದೆಂದು ತೋರಿಸಿಕೊಟ್ಟಿದ್ದಾರೆ. ವೈದ್ಯಕೀಯ ಸಂಶೋಧನಾ ಮಂಡಲಿಯು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆಯೊಡನೆ ಹೊಸ ಲಸಿಕೆಯ ಕಾರ್ಯವನ್ನು ಕೈಗೊಂಡಿದೆ.

ಆ ಲಸಿಕೆಯು ಬಂದಾಗ ಹಳೆಯ ಲೋಪವು ಮರುಕಳಿಸಬಾರದು. ಚುಚ್ಚುಮದ್ದಿನ ದಿನದ ಕೂಲಿಯನ್ನು ಸರಕಾರವು ತುಂಬಿಕೊಡಲೆಂದು ನಾವು ಸೂಚಿಸುತ್ತೇವೆ. ಇದು ಅಪೂರ್ವವಾದ ಬೇಡಿಕೆಯೇನಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೆ ಬಂದವರಿಗೆ ಕೂಲಿನಷ್ಟದ ಪರಿಹಾರವನ್ನು ಕೊಡುವ ವಾಡಿಕೆಯು ನಮ್ಮ ದೇಶದಲ್ಲಿ ಎಂದಿನಿಂದಲೋ ಇದೆ. ಆಸ್ಪತ್ರೆಯಲ್ಲಿ ಹೆರುವ ತಾಯಂದಿರಿಗೆ ೨೦೦೫ರಿಂದಲೂ, ಕ್ಷಯರೋಗಿಗಳ ಆಹಾರಕ್ಕೆ ೨೦೧೮ರಿಂದಲೂ ನಗದು ಸಹಾಯವು ದೊರೆಯುತ್ತಿದೆ. ವರ್ಷಕ್ಕೊಮ್ಮೆ ಕೆಲವು ನೂರು ಹಳ್ಳಿಗಳ ಜನರಿಗೆ ಎರಡು ದಿನದ ಕೂಲಿಯನ್ನು ಕೊಡುವುದು ರಾಜ್ಯದ ಬೊಕ್ಕಸಕ್ಕೆ ಭಾರವಾಗದು. ಅದರೊಡನೆ, ಕಾಡನ್ನು ಕಡಿಯುವ ಯೋಜನೆಗಳ ಅಂದಾಜು ಪಟ್ಟಿಯಲ್ಲಿ ರೋಗದ ಖರ್ಚಿಗೂ ಒಂದು ಕಲಮು ಇರಬೇಕು.

ಈ ಪ್ರಶ್ನೆಯು ಮಲೆನಾಡಿಗಷ್ಟೇ ಸಂಬಂಧಿಸಿದ್ದೆಂದು ಪುಣೆಯಲ್ಲಿರುವವರು ತಿಳಿಯುವಂತಿಲ್ಲ. ೨೦೧೨ರಲ್ಲಿ ಬಂಡೀಪುರ, ಆಮೇಲೆ ಕೇರಳದ ವಯನಾಡು, ೨೦೧೫ರಲ್ಲಿ ಗೋವೆಯ ಸತ್ತರಿ, ೨೦೧೬ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆ, ಹೀಗೆ ಸಹ್ಯಾದ್ರಿಯ ಉದ್ದಕ್ಕೂ ರೋಗವು ಕಾಲಿಟ್ಟಿದೆ. ಉಣುಗಿಗೆ ರಾಜ್ಯದ ಗಡಿ ತಿಳಿಯದು.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮವರಲ್ಲಿ ಅನೇಕರು ಜಾತ್ರೆ, ಮದುವೆ, ಮಕ್ಕಳ ರಜೆಗಳಿಗೆಂದು ಊರಿಗೆ ಮರಳುವುದು ಬೇಸಗೆಯಲ್ಲಿಯೇ. ಆ ತಿಂಗಳುಗಳಲ್ಲಿ ಕಾಡಿಗೆ ಹೋಗಬೇಕಾದರೆ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣುಗು ನಿವಾರಕ ತೈಲವನ್ನು ಸವರಿಕೊಂಡು ಹೋಗಬೇಕು. ಮರಳಿದ ಕೂಡಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಬೇಕು. ಸತ್ತ ಮಂಗವನ್ನು ಕಂಡರೆ ಮುಟ್ಟದೆ ಅಧಿಕಾರಿಗಳಿಗೆ ತಿಳಿಸಬೇಕು. ಪುಣೆಗೆ ಹಿಂದಿರುಗಿದ ಮೇಲೆ ಹತ್ತು ದಿನಗಳೊಳಗಾಗಿ ತೀವ್ರ ಜ್ವರ, ತಲೆನೋವು, ಮೈಕೈನೋವುಗಳು ಬಂದರೆ, ತಾನು ಯಾವ ಸೀಮೆಗೆ ಹೋಗಿ ಬಂದೆನೆಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲಿಯೇ ಹೇಳಬೇಕು. ಪರೀಕ್ಷೆ ಮಾಡಬಲ್ಲ ಸಂಸ್ಥೆಯು ಇದೇ ಊರಿನಲ್ಲಿದೆ.

ಅಣುವನ್ನು ಗುರುತಿಸಿದ ಕೀರ್ತಿಯು ಪುಣೆಗೆ ಸಂದಿದೆ; ಕಾಡಿಗೆ ಹೆಸರು ಬಂದಿದೆ. ಕ್ಯಾಸನೂರಿನ ಸುತ್ತಲಿನ ಕೂಲಿಕಾರನಿಗೆ ಬರಬೇಕಾದ ಬಾಕಿ ಮಾತ್ರ ಇನ್ನೂ ಸಂದಾಯವಾಗಬೇಕಾಗಿದೆ. ಅವನ ಕೂಲಿಯ ದಿನವನ್ನು ಆರೋಗ್ಯ ಇಲಾಖೆಯ ಲೆಕ್ಕದಲ್ಲಿ ಬರೆದುಕೊಳ್ಳುವುದರಿಂದ ಅದರ ಮೊದಲ ಕಂತು ತೀರಲಿ.